ಒಂದನೇ ಕ್ಲಾಸಿನ ಮಕ್ಕಳಿಗೆ ಸಂಗೀತ ಹೇಳಿಕೊಡೋದು ಹೇಗೆ? ‘ಸ ರಿ ಗ ಮ’ ಅಂದರೆ ಕಿರುಚುತ್ತಾರೆ!

ಡಿಎಡ್_ಎರಡನೇವರ್ಷ
ಎಲ್ಲರಿಗೂ ನಮಸ್ಕಾರ. ನಾನು ಡಿ.ಇಎಲ್.ಇಡಿ (ಪ್ರಾಥಮಿಕ ಶಿಕ್ಷಕರ ತರಬೇತಿ) ಎರಡನೇ ವರ್ಷದಲ್ಲಿದ್ದೇನೆ. ಇಂಟರ್ನ್‌ಶಿಪ್‌ಗೆ ಹಾಸನದ ಕಡೆ ಒಂದು ಸರ್ಕಾರಿ ಕಿರಿಯ ಪ್ರಾಥಮಿಕ ಶಾಲೆಗೆ ಹಾಕಿದ್ದಾರೆ. ನಲಿಕಲಿ ತರಗತಿ. ಒಂದು, ಎರಡು, ಮೂರು ಎಲ್ಲ ಒಟ್ಟಿಗೇ ಕೂರುತ್ತವೆ.

ಕರ್ನಾಟಕ ಸಂಗೀತದಲ್ಲಿ ನನ್ನದು ಸೀನಿಯರ್ ಪರೀಕ್ಷೆ ಆಗಿದೆ. ಅದು ಗೊತ್ತಾಗಿದ್ದೇ ತಡ, ಎಚ್‌ಎಂ ಮೇಡಂ ಬಿಸಿಯೂಟ ಆದ ಮೇಲಿನ ಪೀರಿಯಡ್ಡನ್ನು ನನಗೆ ಕೊಟ್ಟುಬಿಟ್ಟರು. "ಏನಾದರೂ ಹಾಡು ಹೇಳಿಕೊಡಮ್ಮ, ಮಕ್ಕಳು ನಿದ್ದೆ ಮಾಡದಿದ್ದರೆ ಸಾಕು" ಅಂದರು.

ನನಗೆ ನಮ್ಮ ಗುರುಗಳು ಕಲಿಸಿದ ದಾರಿ ಒಂದೇ ಗೊತ್ತು. ಸರಳೆ, ಜಂಟಿ, ಅಲಂಕಾರ ಅಂತ ಸ್ವರದ ಅಭ್ಯಾಸಗಳು, ಆಮೇಲೆ ಗೀತೆ. ಸರಳೆ ಶುರು ಮಾಡಿದೆ. ಮೊದಲ ಸಾಲಿನಲ್ಲೇ ಅರ್ಧ ಮಕ್ಕಳು ಗೊಗ್ಗರು ದನಿಯಲ್ಲಿ ಮಾತಾಡಿದ ಹಾಗೆ ಹೇಳುತ್ತಾರೆ, ಇನ್ನರ್ಧ ಕಿರುಚುತ್ತಾರೆ. ಶ್ರುತಿ ಅನ್ನೋದು ಆ ಕಡೆ ಸುಳಿಯುವುದೇ ಇಲ್ಲ. ಪಕ್ಕದ ರೂಮಿನ ಸರ್ ಬಂದು ಕಿಟಕಿ ಹಾಕಿಕೊಂಡು ಹೋಗುತ್ತಾರೆ. ನಮ್ಮ ಕಾಲೇಜಿನ ಲೆಕ್ಚರರ್ ಪಾಠ ವೀಕ್ಷಣೆಗೆ ಬಂದವರು "ಇದರಲ್ಲಿ ಕಲಿಕಾ ಫಲ ಏನು?" ಅಂತ ಕೇಳಿದರು. ಏನು ಹೇಳಬೇಕೋ ತೋಚಲಿಲ್ಲ.

ಎರಡನೇ ಕ್ಲಾಸಿನ ಒಬ್ಬ ಹುಡುಗ ಬಾಯಿಯನ್ನೇ ಬಿಡುವುದಿಲ್ಲ. ಸುಮ್ನೆ ನನ್ನ ಮುಖ ನೋಡುತ್ತಾ ಕೂರುತ್ತಾನೆ.

ಚಿಕ್ಕ ಮಕ್ಕಳಿಗೆ ಹೇಳಿಕೊಟ್ಟ ಅನುಭವ ಇರುವವರು ದಯವಿಟ್ಟು ಹೇಳಿ. ಎಲ್ಲಿಂದ ಶುರು ಮಾಡಲಿ?

ಬೆಂಚ್_ಕುಟ್ಟುವವ
ತಾಳದಿಂದ. ಸ್ವರ ಆಮೇಲೆ ನೋಡೋಣ.

ಇಬ್ಬರ_ಅಮ್ಮ
ಊಟ ಆದ ತಕ್ಷಣ ಹಾಡಿಸುತ್ತಾರಾ? ಪಾಪ ಮಕ್ಕಳು. ಮೊದಲು ಆ ಪೀರಿಯಡ್ ಬದಲಾಯಿಸಿಕೊಳ್ಳಿ.

ಡಿಎಡ್_ಎರಡನೇವರ್ಷ
ಅಕ್ಕ, ನಾನು ಬಂದಿರೋದೇ ಇಂಟರ್ನ್‌ಶಿಪ್‌ಗೆ. ಟೈಮ್ ಟೇಬಲ್ ಬದಲಿಸಿ ಅನ್ನೋಕೆ ನನಗೆ ಎಲ್ಲಿಯ ಧೈರ್ಯ?

ಮಧ್ಯಮಶ್ರುತಿ
ನಾನು ಮೈಸೂರಿನಲ್ಲಿ ಮನೆಯಲ್ಲೇ ಪಾಠ ಹೇಳುತ್ತೇನೆ, ಒಂದು ಶಾಲೆಗೂ ಹೋಗುತ್ತೇನೆ. ನಿಮ್ಮ ಪೋಸ್ಟ್ ಓದಿದ ತಕ್ಷಣ ನನಗೆ ಬಂದ ಪ್ರಶ್ನೆ: ನೀವು ಯಾವ ಶ್ರುತಿಯಲ್ಲಿ ಹಾಡಿಸುತ್ತಿದ್ದೀರಿ? ನಿಮ್ಮದು ಹಾರ್ಮೋನಿಯಂ ಲೆಕ್ಕದಲ್ಲಿ ಐದು, ಐದೂವರೆ ಮನೆ ಇರಬೇಕು, ಹೆಣ್ಣುಮಕ್ಕಳದು ಸಾಮಾನ್ಯವಾಗಿ ಅಲ್ಲೇ ಇರುತ್ತದೆ. ನಿಮ್ಮ ಷಡ್ಜ (‘ಸ’) ನಿಮಗೆ ಆರಾಮ. ಆದರೆ ಆರು ವರ್ಷದ ಮಗುವಿಗೆ ಅದು ತುಂಬಾ ಕೆಳಗೆ. ಅಲ್ಲಿ ಅದರ ಗಂಟಲಲ್ಲಿ ದನಿಯೇ ಇರುವುದಿಲ್ಲ. ಅದಕ್ಕೇ ಮಾತಾಡಿದ ಹಾಗೆ ಹೇಳುತ್ತವೆ. ಕೆಲವು ಮಕ್ಕಳಿಗೆ ಸಿಟ್ಟು ಬಂದು ಕಿರುಚುತ್ತವೆ. ನೀವು ಹೇಳಿದ ಎರಡು ಗುಂಪಿಗೂ ಕಾರಣ ಒಂದೇ.

ಉಪಾಯ ನಮ್ಮ ಪದ್ಧತಿಯಲ್ಲೇ ಇದೆ. ಶ್ರುತಿ ಪೆಟ್ಟಿಗೆ ನಿಮ್ಮ ಐದೂವರೆಗೇ ಇರಲಿ, ಪಂಚಮದ (‘ಪ’) ಬದಲು ಮಧ್ಯಮಕ್ಕೆ (‘ಮ’) ಇಡಿ. ನಿಮ್ಮ ಮಧ್ಯಮವನ್ನೇ ಮಕ್ಕಳ ಷಡ್ಜ ಅಂತ ಹಿಡಿಯಿರಿ. ಅಂದರೆ ಮಧ್ಯಮ ಶ್ರುತಿ. ನಾದನಾಮಕ್ರಿಯ, ಪುನ್ನಾಗವರಾಳಿ, ಕುರಂಜಿ ರಾಗ ಹಾಡುವಾಗ ನಾವು ಮಾಡುತ್ತೇವಲ್ಲ, ಅದೇ. ಅಲ್ಲಿಂದ ಅವರ ಪಂಚಮದವರೆಗೆ ಐದು ಸ್ವರ ಸಾಕು. ತಾರಸ್ಥಾಯಿಗೆ ಹೋಗಲೇಬೇಡಿ. ಮಂದ್ರ, ಅಂದರೆ ಕೆಳಗಿನ ಸ್ಥಾಯಿ, ಅಂತೂ ಕೇಳಲೇಬೇಡಿ.

ಹಾಡಿನ ಹೆಸರು ಆಮೇಲೆ. ಮೊದಲು ದನಿ ಸಿಗುವ ಜಾಗದಲ್ಲಿ ಹಾಡಿಸಿ, ಅರ್ಧ ಗಲಾಟೆ ತಾನೇ ಹೋಗುತ್ತದೆ.

ಧಾರವಾಡ_ಪೇಡಾ
ಮಧ್ಯಮಶ್ರುತಿ ಮೇಡಂ ಹೇಳಿದ್ದು ಖರೇ ಮಾತು ರೀ. ಐದೂವರೆ ಅಂದರೆ ನಮ್ಮ ಹಿಂದೂಸ್ತಾನಿ ಕಡೆ ಕಾಳಿ ಚಾರ್, ನಾಲ್ಕನೇ ಕಪ್ಪು ಮನೆ. ಆದರೆ ಶ್ರುತಿ ಏರಿಸಿದರೂ ಸರಳೆಯ ಮಾಯಾಮಾಳವಗೌಳ ರಾಗವನ್ನೇ ಇಟ್ಟುಕೊಂಡರೆ ಕೆಲಸ ಕೆಟ್ಟಿತು. ‘ಸ’ ಆದ ಮೇಲೆ ಆ ರಿಷಭ ಪಕ್ಕದಲ್ಲೇ ಅಂಟಿಕೊಂಡು ಕೂತಿರುತ್ತದೆ. ಸಣ್ಣ ಹುಡುಗರಿಗೆ ಅದು ಸಿಗುವುದೇ ಇಲ್ಲ, ಮೇಲಿನ ರಿಷಭಕ್ಕೇ ಜಾರುತ್ತಾರೆ. ನಮ್ಮಲ್ಲಿ ಶುದ್ಧ ಸ್ವರದಿಂದ ಶುರು. ಬಿಲಾವಲ್ ರಾಗ, ಇಲ್ಲಾ ಭೂಪ. ಭೂಪದಲ್ಲಿ ಐದೇ ಸ್ವರ, ಮಧ್ಯಮ ನಿಷಾದ ಎರಡೂ ಇಲ್ಲ. ತಪ್ಪಲು ಜಾಗವೇ ಕಡಿಮೆ.

ಮಧ್ಯಮಶ್ರುತಿ
ಮಾಯಾಮಾಳವಗೌಳವನ್ನು ಸುಮ್ನೆ ಆರಿಸಿಲ್ಲ ಸರ್. ಮೂಲ ರಾಗಗಳ ಪಟ್ಟಿಯಲ್ಲಿ ಹದಿನೈದನೇ ಮೇಳ. ಸ–ರಿ ಎಷ್ಟು ಹತ್ತಿರವೋ ಪ–ದ ಅಷ್ಟೇ ಹತ್ತಿರ. ಗ–ಮ ಎಷ್ಟು ಹತ್ತಿರವೋ ನಿ–ಸ ಅಷ್ಟೇ. ಕೆಳಗಿನ ಅರ್ಧ ಬಂದರೆ ಮೇಲಿನ ಅರ್ಧ ತಾನೇ ಬರುತ್ತದೆ. ಪುರಂದರದಾಸರು ಪಾಠಕ್ಕೆ ಇದನ್ನೇ ಇಟ್ಟರು ಅಂತ ನಮ್ಮ ಪರಂಪರೆ ಹೇಳುತ್ತದೆ. ನೂರಾರು ವರ್ಷದಿಂದ ಮಕ್ಕಳು ಕಲಿತಿಲ್ಲವಾ?

ಧಾರವಾಡ_ಪೇಡಾ
ಕಲಿತಿದ್ದಾರೆ. ಗುರುಗಳ ಎದುರು ಒಬ್ಬೊಬ್ಬರೇ ಕೂತು ಕಲಿತಿದ್ದಾರೆ. ಒಂದೇ ರೂಮಿನಲ್ಲಿ ಇಷ್ಟು ಮಕ್ಕಳನ್ನು ಕೂಡಿಸಿಕೊಂಡು ಅಲ್ಲ.

ಮಧ್ಯಮಶ್ರುತಿ
ಅದು ಒಪ್ಪಬೇಕಾದ ಮಾತು. ಎಂಟು ಒಂಬತ್ತು ವರ್ಷದ ಮಗು ಮನೆಗೆ ಪಾಠಕ್ಕೆ ಬಂದರೆ ನಾನು ಮಾಯಾಮಾಳವಗೌಳ ಬಿಡುವುದಿಲ್ಲ. ಒಂದನೇ ಕ್ಲಾಸಿಗೆ ಶಾಲೆಯಲ್ಲಿ ನಾನೂ ಮೋಹನ ರಾಗದ ಹತ್ತಿರದ ಚಿಕ್ಕ ಚಿಕ್ಕ ಸಾಲುಗಳನ್ನೇ ಹಾಡಿಸುತ್ತೇನೆ. ನಿಮ್ಮ ಭೂಪ, ನಮ್ಮ ಮೋಹನ. ಜಗಳ ಇಲ್ಲಿಗೆ ಮುಗಿಯಿತು.

ಸುಮ್ನೆ_ಓದುವವ
ಹುಬ್ಬಳ್ಳಿ–ಮೈಸೂರು ಒಂದಾದ ಐತಿಹಾಸಿಕ ಕ್ಷಣ 😄

ನಿವೃತ್ತ_ಮೇಷ್ಟ್ರು
ಮಗಳೇ, ನೀನು ಕೂತಿರುವ ನಲಿಕಲಿ ತರಗತಿ ಹುಟ್ಟಿದ್ದು 1995ರಲ್ಲಿ, ಹೆಗ್ಗಡದೇವನಕೋಟೆ ತಾಲ್ಲೂಕಿನಲ್ಲಿ. ನಾನು ಆ ಕಡೆ ಕೆಲಸ ಮಾಡಿದವನು. ಆಗ ನಮ್ಮಲ್ಲಿ ಯಾರಿಗೂ ಸಂಗೀತ ಬರುತ್ತಿರಲಿಲ್ಲ. ಆದರೆ ದಿನಾ ಬೆಳಗ್ಗೆ ಹಾಡಿನಿಂದಲೇ ಶುರು. ಹಾಡು, ಕುಣಿತ, ಆಮೇಲೆ ನಲಿಕಲಿಯ ಕಾರ್ಡು, ಕಲಿಕಾ ಏಣಿ, ಗುಂಪಿನ ತಟ್ಟೆ ಎಲ್ಲ. 2009–10ರಲ್ಲಿ ರಾಜ್ಯಕ್ಕೆಲ್ಲ ಬಂತು.

ನೀನು ಸೀನಿಯರ್ ಪಾಸಾದವಳು ಅನ್ನೋದೇ ಇಲ್ಲಿ ಸ್ವಲ್ಪ ತೊಡಕು ಅಂತ ಕಾಣುತ್ತದೆ, ಬೇಜಾರಾಗಬೇಡ. ನೀನು ವಿದ್ವಾಂಸರನ್ನು ತಯಾರು ಮಾಡುವ ಪಾಠ ಕಲಿತಿದ್ದೀಯ. ಇಲ್ಲಿ ಬೇಕಾಗಿರೋದು ಬೇರೆ. ಈ ಮಕ್ಕಳಲ್ಲಿ ಮುಂದೆ ಜೂನಿಯರ್ ಪರೀಕ್ಷೆ ಕಟ್ಟುವವರು ಒಬ್ಬರೋ ಇಬ್ಬರೋ. ಉಳಿದವರು ಜೀವನಪೂರ್ತಿ ನಾಚಿಕೆ ಇಲ್ಲದೆ ನಾಲ್ಕು ಜನರ ಜೊತೆ ಹಾಡುವಂತಾದರೆ ನಿನ್ನ ಪೀರಿಯಡ್ ದಕ್ಕಿದ ಹಾಗೆ.

ಒಂದು ಉಪಾಯ ಹೇಳುತ್ತೇನೆ. ಬೆಳಗ್ಗೆ ನೀನು ಒಳಗೆ ಹೋದ ತಕ್ಷಣ ಎಲ್ಲರೂ ಎದ್ದು ನಿಂತು "ನ-ಮ-ಸ್ತೇ ಟೀ-ಚರ್" ಅಂತ ಎಳೆಯುತ್ತಾರಲ್ಲ? ಅದೂ ಹಾಡೇ. ಯಾರೂ ಕಲಿಸಿಲ್ಲ, ಆದರೂ ಎಲ್ಲರದೂ ಹೆಚ್ಚುಕಡಿಮೆ ಒಂದೇ ಎಳೆತ. ನೀನು ಅದೇ ಎಳೆತದಲ್ಲಿ ವಾಪಸ್ ಹೇಳು. "ನ-ಮ-ಸ್ತೇ ಮ-ಕ್ಕ-ಳೇ". ಆಮೇಲೆ "ಊ-ಟ ಆ-ಯ್ತಾ?" ಅಂತ ಕೇಳು. ಅವರು ಹಾಡಿನಲ್ಲೇ ಉತ್ತರ ಕೊಡುತ್ತಾರೆ. ಹಾಜರಿಯನ್ನೂ ಹಾಗೇ ಕರಿ.

ಲೀಡ್ಸ್_ಕನ್ನಡತಿ
ಮೇಷ್ಟ್ರೇ, ಇದನ್ನು ಓದಿ ಆಶ್ಚರ್ಯವಾಯಿತು. ನಾನು ಇಂಗ್ಲೆಂಡಿನಲ್ಲಿ ಒಂದು ಪ್ರೈಮರಿ ಶಾಲೆಯಲ್ಲಿ ಟೀಚಿಂಗ್ ಅಸಿಸ್ಟೆಂಟ್. ಇಲ್ಲಿಯ ಸಂಗೀತ ಟೀಚರ್ ಹಾಜರಿ ಕರೆಯೋದು ಹೀಗೇ! ಹೆಸರನ್ನು ಎರಡು ಸ್ವರದಲ್ಲಿ ಹಾಡಿ ಕರೆಯುತ್ತಾರೆ. ಮೇಲಿನದು, ಕೆಳಗಿನದು. ಅವರ ಲೆಕ್ಕದಲ್ಲಿ ಸೊ–ಮಿ. ನಮ್ಮದರಲ್ಲಿ ಪ–ಗ. ಹಂಗೆರಿಯ ಸಂಗೀತಗಾರ ಜೊಲ್ತಾನ್ ಕೊಡಾಯ್ (1882–1967) ಹೆಸರಿನಲ್ಲಿ ಇರುವ ಪದ್ಧತಿ ಅದು. ಎರಡು ಸ್ವರದಿಂದ ಶುರು, ಆಮೇಲೆ ಮೂರನೆಯದು, ಹಾಗೇ ಐದು. ಜೊತೆಗೆ ಪ್ರತಿ ಸ್ವರಕ್ಕೂ ಒಂದು ಕೈ ಸನ್ನೆ. ಆ ಸನ್ನೆಗಳು ಬಂದಿದ್ದು ಇಂಗ್ಲೆಂಡಿನ ಜಾನ್ ಕರ್ವೆನ್ ಅವರ ಪದ್ಧತಿಯಿಂದ.

ಬರೆಯೋದು, ಓದೋದು ಎಲ್ಲ ತಡವಾಗಿ. ಇಲ್ಲಿಯ ಪಠ್ಯಕ್ರಮದಲ್ಲಿ ಒಂದು, ಎರಡನೇ ಕ್ಲಾಸಿಗೆ ಸಂಗೀತ ಅಂತ ಇರೋದೇ ನಾಲ್ಕು ಸಾಲು. ಹಾಡುವುದು ಮತ್ತು ಪ್ರಾಸ ಹೇಳುವುದು, ವಾದ್ಯ ನುಡಿಸುವುದು, ಗಮನವಿಟ್ಟು ಕೇಳುವುದು, ಶಬ್ದಗಳ ಜೊತೆ ಆಡುತ್ತಾ ಹೊಸದು ಮಾಡಿ ನೋಡುವುದು. ಅಷ್ಟೇ.

ಬೆಂಚ್_ಕುಟ್ಟುವವ
ನೋಡಿ, ಹಂಗೆರಿಯವರು ಹೇಳಿದರೆ ಪದ್ಧತಿ. ನಮ್ಮ ಎಚ್.ಡಿ. ಕೋಟೆ ಮೇಷ್ಟ್ರು ಹೇಳಿದರೆ ಅನುಭವ.

ಲೀಡ್ಸ್_ಕನ್ನಡತಿ
ಅಯ್ಯೋ, ಕೊಡಾಯ್ ಗಟ್ಟಿಯಾಗಿ ಹೇಳಿದ್ದೇ ಮಗುವಿಗೆ ಮೊದಲು ಅದರ ತಾಯಿನುಡಿಯ ಜನಪದ ಹಾಡು ಕೊಡಿ ಅಂತ. ಹಂಗೆರಿಯ ಹಾಡು ಹಾಸನಕ್ಕೆ ತನ್ನಿ ಅಂತ ನಾನು ಹೇಳಲಿಲ್ಲವಲ್ಲ!

ಬೆಂಚ್_ಕುಟ್ಟುವವ
ಸರಿ ಸರಿ. ಈಗ ನನ್ನ ಸರದಿ. ನಾನು ಮೃದಂಗ ಕಲಿತವನು. ಖಂಜಿರ, ಬೆಂಚು, ಡಬ್ಬ ಏನು ಸಿಕ್ಕರೂ ಕುಟ್ಟುತ್ತೇನೆ. ಬೇಸಿಗೆ ಶಿಬಿರದಲ್ಲಿ ಮಕ್ಕಳಿಗೆ ಹೇಳಿಕೊಡುತ್ತೇನೆ.

ಆದಿತಾಳ ಅಂತ ಬೆರಳು ಎಣಿಸೋಕೆ ಹೋಗಬೇಡಿ. ಒಂದು ತಟ್ಟು, ಕಿರುಬೆರಳು, ಉಂಗುರ ಬೆರಳು, ನಡುಬೆರಳು, ಆಮೇಲೆ ತಟ್ಟು ಬೀಸು, ತಟ್ಟು ಬೀಸು. ಆರು ವರ್ಷದ ಮಗು ಬೆರಳು ನೋಡಿಕೊಂಡು ಕೂತರೆ ಹಾಡು ಮರೆಯುತ್ತದೆ, ಹಾಡಿದರೆ ಬೆರಳು ಮರೆಯುತ್ತದೆ. ಮೊದಲು ಕಾಲು. ನಿಂತಲ್ಲೇ ಹೆಜ್ಜೆ ಹಾಕಿಸಿ. ಆಮೇಲೆ ಹೆಜ್ಜೆಯ ಮೇಲೆ ಚಪ್ಪಾಳೆ. ಆಮೇಲೆ ಅದರ ಮೇಲೆ ಬಾಯಿ.

ಬಾಯಿಗೆ ಸೊಲ್ಕಟ್ಟು, ಅಂದರೆ ಬಾಯಲ್ಲಿ ಹೇಳುವ ತಾಳದ ಅಕ್ಷರ, ಕೊಡಿ. ‘ತಕಿಟ’ ಮೂರು. ‘ತಕಧಿಮಿ’ ನಾಲ್ಕು. ‘ತಕತಕಿಟ’ ಐದು. ‘ತಕಧಿಮಿ ತಕಿಟ’ ಏಳು. ಮಕ್ಕಳಿಗೆ ಇದು ನಾಲಿಗೆಯ ಆಟ. ಅರ್ಥ ಕೇಳುವುದಿಲ್ಲ, ಶ್ರುತಿ ಬೇಡ, ನಾಚಿಕೆ ಇಲ್ಲ. ಒಂದು ಸಾಲಿನವರಿಗೆ ‘ತಕಿಟ’, ಇನ್ನೊಂದು ಸಾಲಿನವರಿಗೆ ‘ತಕಧಿಮಿ’ ಕೊಟ್ಟು ಒಟ್ಟಿಗೆ ಬಿಡಿ. ಹನ್ನೆರಡು ಎಣಿಕೆಗೆ ಎರಡು ಸಾಲೂ ಒಂದೇ ಕಡೆ ಬಂದು ಸೇರುತ್ತವೆ. ಅಲ್ಲಿ ಎಲ್ಲರೂ ಒಟ್ಟಿಗೆ "ಹೋಯ್" ಅನ್ನಬೇಕು. ಮೂರನೇ ಕ್ಲಾಸಿನವರಿಗೆ ಇದು ಆಗುತ್ತದೆ. ಮೂರು ನಾಲ್ಕಲಿ ಹನ್ನೆರಡು ಅನ್ನೋದು ಬಾಯಿಪಾಠದ ಮಗ್ಗಿಯಲ್ಲಿ ಹೀಗೆ ತಲೆಗೆ ಹೋಗುವುದಿಲ್ಲ.

ಪಕ್ಕದ ರೂಮಿನ ಸರ್‌ಗೆ ಒಂದು ಹತ್ತಿ ಉಂಡೆ ಕೊಟ್ಟುಬಿಡಿ.

ಇಬ್ಬರ_ಅಮ್ಮ
ಗಲಾಟೆಗೆ ಏನು ಮಾಡೋದು ಅಂದರೆ ಗಲಾಟೆ ಜಾಸ್ತಿ ಮಾಡಿ ಅನ್ನುತ್ತೀರಲ್ಲ ಮಾರಾಯರೇ!

ಬೆಂಚ್_ಕುಟ್ಟುವವ
ಗಲಾಟೆಗೂ ಲಯಕ್ಕೂ ವ್ಯತ್ಯಾಸ ಇದೆ ಅಕ್ಕ. ಲಯ ನಿಲ್ಲಿಸು ಅಂದಾಗ ನಿಲ್ಲುತ್ತದೆ. ಮೊದಲ ಆಟವೇ ಅದು. ನಾನು ಕೈ ಎತ್ತಿದಾಗ ಎಲ್ಲರೂ ಒಟ್ಟಿಗೆ ನಿಲ್ಲಬೇಕು. ಅದು ಬಂದರೆ ಕ್ಲಾಸು ನಿಮ್ಮ ಕೈಯಲ್ಲಿ.

ಪಿಎಚ್‌ಸಿ_ಸಿಸ್ಟರ್
ಬಾಯಿ ಬಿಡದ ಆ ಹುಡುಗನ ಬಗ್ಗೆ ಯಾರೂ ಮಾತಾಡಲಿಲ್ಲ. ಅವನ ಕಿವಿ ನೋಡಿಸಿದ್ದೀರಾ? ಮುಖವನ್ನೇ ನೋಡುತ್ತಾ ಕೂರುತ್ತಾನೆ ಅಂದಿರಿ, ಅದಕ್ಕೇ ಕೇಳುತ್ತಿದ್ದೇನೆ. ಕಿವಿ ಸೋರುವ ಮಕ್ಕಳು ನಮ್ಮ ಹಳ್ಳಿಗಳಲ್ಲಿ ಜಾಸ್ತಿ. ಸೋರಿ ಸೋರಿ ಕೇಳಿಸೋದು ಕಡಿಮೆಯಾಗಿರುತ್ತದೆ, ಮನೆಯಲ್ಲಿ ಗೊತ್ತೇ ಇರುವುದಿಲ್ಲ. ಮಕ್ಕಳ ಆರೋಗ್ಯ ನೋಡುವ ಸರ್ಕಾರದ ಆರ್‌ಬಿಎಸ್‌ಕೆ ತಂಡ ಶಾಲೆಗೆ ತಪಾಸಣೆಗೆ ಬರುತ್ತದಲ್ಲ, ಆಗ ಅವನ ಹೆಸರು ಹೇಳಿ. ಅಲ್ಲಿಯವರೆಗೆ ಕಾಯೋದು ಬೇಡ ಅಂದರೆ ಅವನ ಬೆನ್ನ ಹಿಂದೆ ನಿಂತು ಮೆಲ್ಲಗೆ ಹೆಸರು ಕರೆದು ನೋಡಿ. ತಿರುಗದಿದ್ದರೆ ಎಚ್‌ಎಂಗೆ ಹೇಳಿ, ಮನೆಯವರನ್ನು ಆಸ್ಪತ್ರೆಗೆ ಕಳಿಸಿ.

ಡಿಎಡ್_ಎರಡನೇವರ್ಷ
ಸಿಸ್ಟರ್, ಇದು ನನ್ನ ತಲೆಗೆ ಬಂದೇ ಇರಲಿಲ್ಲ. ನಾಳೆಯೇ ನೋಡುತ್ತೇನೆ.

ತಾಂಡಾ_ಟೀಚರ್
ಕಿವಿ ನೋಡಿಸಿ, ಖಂಡಿತ. ಜೊತೆಗೆ ಮನೆಮಾತು ಯಾವುದು ಅಂತಲೂ ಕೇಳಿ. ನಾನು ವಿಜಯಪುರದ ಕಡೆ ಒಂದು ತಾಂಡಾ ಶಾಲೆಯಲ್ಲಿದ್ದೇನೆ. ಮಕ್ಕಳ ಮನೆಮಾತು ಲಂಬಾಣಿ. ಒಂದನೇ ಕ್ಲಾಸಿಗೆ ಬಂದಾಗ ಕನ್ನಡ ಅರ್ಧಂಬರ್ಧ. ಕನ್ನಡ ಹಾಡು ಹೇಳಿಕೊಟ್ಟರೆ ತುಟಿ ಬಿಗಿದುಕೊಂಡು ಕೂರುತ್ತಿದ್ದರು. ದಡ್ಡರು ಅಂತ ನನ್ನ ಹಿಂದಿನವರು ಬರೆದಿಟ್ಟು ಹೋಗಿದ್ದರು.

ಒಂದು ದಿನ ಒಬ್ಬ ಹುಡುಗಿಯ ಅಜ್ಜಿಯನ್ನು ಶಾಲೆಗೆ ಕರೆಸಿದೆ. ಅವರು ಕಟ್ಟೆ ಮೇಲೆ ಕೂತು ಮದುವೆ ಹಾಡು ಎತ್ತಿದರು. ಮಕ್ಕಳೆಲ್ಲ ಸೇರಿಕೊಂಡರು, ಯಾರಿಗೂ ಹೇಳಿಕೊಡಬೇಕಾಗಲಿಲ್ಲ. ಅವತ್ತು ನನಗೇ ಆ ಹಾಡು ಬರಲಿಲ್ಲ. ಮಕ್ಕಳು ನನಗೆ ಹೇಳಿಕೊಟ್ಟರು, ನನ್ನ ಉಚ್ಚಾರಣೆಗೆ ಬಿದ್ದು ಬಿದ್ದು ನಕ್ಕರು. ಆಮೇಲೆ ಕನ್ನಡ ಹಾಡಿಗೂ ಬಾಯಿ ಬಿಟ್ಟರು. ಎಲ್ಲರೂ ಅಲ್ಲ, ಸುಮಾರು ಜನ.

ನಿಮ್ಮ ಹಾಸನದ ಕಡೆ ತೋಟದ ಕೆಲಸಕ್ಕೆ ಹೊರಗಿನಿಂದ ಬಂದ ಮನೆಗಳ ಮಕ್ಕಳೂ ಇರುತ್ತಾರೆ. ಕೇಳಿ ನೋಡಿ.

ಸುಮ್ನೆ_ಓದುವವ
ಈಗ ಆ ಹುಡುಗ ಒಂದು ದಿನ ಎದ್ದು ನಿಂತು ಭೀಮಸೇನ ಜೋಶಿ ಥರ ಹಾಡುತ್ತಾನೆ, ಎಲ್ಲರೂ ಅಳುತ್ತಾರೆ. ಸಿನಿಮಾ ಆಗುತ್ತದೆ.

ತಾಂಡಾ_ಟೀಚರ್
ಹಾಡದೇ ಇದ್ದರೂ ಪರವಾಗಿಲ್ಲ ಸರ್. ಕೆಲವು ಮಕ್ಕಳಿಗೆ ಕೇಳಿಸಿಕೊಳ್ಳೋದೇ ಇಷ್ಟ. ಅವನ ಕೈಗೆ ಒಂದು ಗಿಲಕಿ ಕೊಟ್ಟು ಜೊತೆಯಲ್ಲಿ ಕೂರಿಸಿಕೊಂಡರೆ ಸಾಕು. ಎಲ್ಲರ ಮುಂದೆ "ಎದ್ದು ನಿಂತು ಹಾಡು" ಅಂತ ಮಾತ್ರ ಅನ್ನಬೇಡಿ.

ಕಟ್ಟುನಿಟ್ಟು
ಎಲ್ಲರೂ ಆಟ, ಕುಣಿತ, ಗಿಲಕಿ ಅನ್ನುತ್ತಿದ್ದೀರಿ. ಶಿಸ್ತಾಗಿ ಸರಳೆ ಕಲಿಸಿದರೆ ಏನು ತಪ್ಪು? ಗದಗಿನ ವೀರೇಶ್ವರ ಪುಣ್ಯಾಶ್ರಮದಲ್ಲಿ ಕಣ್ಣು ಕಾಣದ ಮಕ್ಕಳೇ ಎಂಥ ಕಷ್ಟದ ಸಂಗೀತ ಕಲಿತು ಬರುತ್ತಾರೆ. ಅಲ್ಲಿ ಶಿಸ್ತು ಇದೆ, ಅದಕ್ಕೆ. ಪಂಚಾಕ್ಷರಿ ಗವಾಯಿಗಳು, ಪುಟ್ಟರಾಜ ಗವಾಯಿಗಳು ಗಿಲಕಿ ಕೊಟ್ಟು ಕಲಿಸಿದರಾ?

ಧಾರವಾಡ_ಪೇಡಾ
ಗದಗಿನ ಮಾತು ತೆಗೆದಿರಿ, ಅದಕ್ಕೇ ಹೇಳುತ್ತೇನೆ. ಆಶ್ರಮದಲ್ಲಿ ಮಕ್ಕಳು ಅಲ್ಲೇ ಉಂಡು ಅಲ್ಲೇ ಮಲಗಿ ಬೆಳಗಿನಿಂದ ರಾತ್ರಿವರೆಗೆ ಸಂಗೀತ ಕೇಳುತ್ತಲೇ ಬೆಳೆಯುತ್ತಾರೆ ರೀ. ಕಿವಿ ಮೊದಲು ತಯಾರಾಗಿರುತ್ತದೆ, ಪಾಠ ಆಮೇಲೆ. ಈ ತಂಗಿಗೆ ಇರೋದು ದಿನಕ್ಕೆ ಮುಕ್ಕಾಲು ಗಂಟೆಯೂ ಇಲ್ಲದ ಒಂದು ಪೀರಿಯಡ್. ಅದೂ ಅನ್ನ ಸಾರು ಉಂಡು ಕಣ್ಣು ಎಳೆಯುವ ಹೊತ್ತಿನಲ್ಲಿ.

ಕಟ್ಟುನಿಟ್ಟು
ಒಪ್ಪಿದೆ. ಆದರೂ ಸ್ವರದ ಹೆಸರನ್ನಾದರೂ ಕಲಿಸಲಿ.

ಮಧ್ಯಮಶ್ರುತಿ
ಕಲಿಸಬಹುದು, ಕೊನೆಯಲ್ಲಿ. ಹಾಡು ಬಾಯಿಗೆ ಬಂದ ಮೇಲೆ ಅದೇ ಸಾಲನ್ನು ಸ್ವರದಲ್ಲಿ ಹಾಡಿ ತೋರಿಸಿ. ಗೊತ್ತಿರುವ ಮುಖಕ್ಕೆ ಹೆಸರು ಇಟ್ಟ ಹಾಗೆ ಆಗುತ್ತದೆ.

ಅಪ್ಪ_ಒಬ್ಬ
ಒಂದು ಮಾತು. ಸರ್ಕಾರಿ ಶಾಲೆಯಲ್ಲಿ ಗೀತೆ, ದೇವರನಾಮ ಹಾಡಿಸುವಾಗ ಸ್ವಲ್ಪ ಯೋಚಿಸಿ. ಎಲ್ಲ ಮನೆಯ ಮಕ್ಕಳೂ ಇರುತ್ತಾರೆ. ಪೂರ್ತಿ ಸರ್ಕಾರದ ಹಣದಲ್ಲಿ ನಡೆಯುವ ಶಾಲೆಯಲ್ಲಿ ಧಾರ್ಮಿಕ ಬೋಧನೆ ಇರಬಾರದು ಅಂತ ಸಂವಿಧಾನದ 28ನೇ ವಿಧಿಯಲ್ಲಿ ಇದೆ.

ಕಟ್ಟುನಿಟ್ಟು
ಹಾಡು ಹಾಡಿದರೆ ಬೋಧನೆ ಆಯಿತಾ? ದಾಸರ ಪದ ಕನ್ನಡದ ಆಸ್ತಿ.

ಅಪ್ಪ_ಒಬ್ಬ
ಆಸ್ತಿಯೇ. ಶಿಶುನಾಳ ಷರೀಫರ ತತ್ವಪದವೂ ಆಸ್ತಿ, ವಚನವೂ ಆಸ್ತಿ. ಬರೀ ಒಂದೇ ಕಡೆಯದು ಹಾಡಿಸಬೇಡಿ ಅಂದೆ ಅಷ್ಟೇ.

ನಿವೃತ್ತ_ಮೇಷ್ಟ್ರು
ಆರು ವರ್ಷದವರಿಗೆ ದಾಸರೂ ಬೇಡ ಷರೀಫರೂ ಬೇಡ. ನಾಯಿ, ಬೆಕ್ಕು, ಮಳೆ, ಬಸ್ಸು ಸಾಕು. ಪಂಜೆ ಮಂಗೇಶರಾಯರು, ಜಿ.ಪಿ. ರಾಜರತ್ನಂ ಮಕ್ಕಳಿಗೆ ಅಂತಲೇ ಬರೆದಿಟ್ಟು ಹೋಗಿದ್ದಾರೆ. ಹಾವು, ನಾಯಿಮರಿ, ತುತ್ತೂರಿ. ಪದಗಳಲ್ಲೇ ತಾಳ ಇದೆ. ಓದಿದರೆ ಸಾಕು, ಕೈ ತಾನೇ ತಟ್ಟುತ್ತದೆ.

ಅಡ್ಮಿನ್
ಧರ್ಮದ ಚರ್ಚೆ ಇಲ್ಲಿಗೆ ಸಾಕು. ಅದಕ್ಕೆ ಬೇರೆ ಎಳೆ ಇದೆ. ಇಲ್ಲಿ ಮಕ್ಕಳ ಸಂಗೀತ ಮಾತ್ರ.

ಡಿಎಡ್_ಎರಡನೇವರ್ಷ
ಎಲ್ಲರಿಗೂ ಥ್ಯಾಂಕ್ಸ್. ಏನೇನು ಮಾಡಿದೆ ಅಂತ ಹೇಳುತ್ತೇನೆ.

ಮಧ್ಯಮ ಶ್ರುತಿ: ಮೊಬೈಲಿನ ತಂಬೂರಿ ಆ್ಯಪ್ ಇಟ್ಟೆ. ಆ ಗದ್ದಲದಲ್ಲಿ ಮೊದಲ ಸಾಲಿಗೇ ಕೇಳಿಸಲಿಲ್ಲ. ಆಮೇಲೆ ಅದನ್ನು ನನ್ನ ಕಿವಿಗೆ ಮಾತ್ರ ಇಟ್ಟುಕೊಂಡು ಶ್ರುತಿ ಹಿಡಿದೆ, ನಾನು ಹಾಡಿದೆ, ಅವರು ಹಿಂದೆ ಹಾಡಿದರು. ವ್ಯತ್ಯಾಸ ಗೊತ್ತಾಯಿತು. ಗೊಗ್ಗರು ದನಿ ಹೆಚ್ಚುಕಡಿಮೆ ಹೋಯಿತು. ಕಿರುಚುವವರು ಇನ್ನೂ ಇದ್ದಾರೆ. ಅವರು ಖುಷಿಗೆ ಕಿರುಚುತ್ತಾರೆ ಅಂತ ಈಗ ಗೊತ್ತಾಗಿದೆ.

ಹಾಜರಿ ಹಾಡೋದು ಭಾರಿ ಹಿಟ್. ಈಗ ಬಿಸಿಯೂಟದ ಅಕ್ಕನೂ ಸಾಲಾಗಿ ನಿಲ್ಲಿ ಅನ್ನೋದನ್ನು ಹಾಡಿಕೊಂಡೇ ಹೇಳುತ್ತಾರೆ.

‘ತಕಿಟ–ತಕಧಿಮಿ’ ಒಟ್ಟಿಗೆ ಆಗಲಿಲ್ಲ. ಎರಡೂ ಸಾಲು ಕೊನೆಗೆ ಜೋರಾಗಿರುವ ಸಾಲಿನ ಕಡೆಗೇ ಹೋಗುತ್ತವೆ. "ಹೋಯ್" ಮಾತ್ರ ಎಲ್ಲರಿಗೂ ಬರುತ್ತದೆ, ಎಲ್ಲೆಂದರಲ್ಲಿ ಬರುತ್ತದೆ.

ಆ ಹುಡುಗ ಹೆಸರು ಕರೆದರೆ ಒಂದು ಕಡೆ ತಿರುಗುತ್ತಾನೆ, ಇನ್ನೊಂದು ಕಡೆ ತಿರುಗುವುದಿಲ್ಲ. ಎಚ್‌ಎಂ ಮೇಡಂ ಅವನ ಅಮ್ಮನನ್ನು ಕರೆಸಿ ಮಾತಾಡಿದ್ದಾರೆ. ತಾಲ್ಲೂಕು ಆಸ್ಪತ್ರೆಗೆ ಕರೆದುಕೊಂಡು ಹೋಗುತ್ತೇನೆ ಅಂದಿದ್ದಾರೆ. ಸದ್ಯಕ್ಕೆ ಕೇಳಿಸುವ ಕಿವಿ ನನ್ನ ಕಡೆ ಬರುವ ಹಾಗೆ ಮುಂದೆ ಕೂರಿಸಿದ್ದೇನೆ.

ಇನ್ನು ಪಾಠ ಯೋಜನೆ. 5ಇ, ಅಂದರೆ ಐದು ಹಂತದ ಮಾದರಿಯಲ್ಲಿ ಬರೆಯಬೇಕು. ಸಂಗೀತಕ್ಕೆ ಕಲಿಕಾ ಫಲ ಏನು ಬರೆಯಲಿ? "ಮಕ್ಕಳು ಸಂಗೀತವನ್ನು ಆನಂದಿಸುವರು" ಅಂತ ಬರೆದಿದ್ದಕ್ಕೆ ಲೆಕ್ಚರರ್ ಕೆಂಪು ಪೆನ್ನಲ್ಲಿ ಗೆರೆ ಎಳೆದಿದ್ದಾರೆ.

ಪಿಎಚ್‌ಸಿ_ಸಿಸ್ಟರ್
ಒಳ್ಳೆ ಕೆಲಸ ಮಾಡಿದಿರಿ. ಆಸ್ಪತ್ರೆಗೆ ಹೋದರಾ ಅಂತ ಮತ್ತೆ ಕೇಳಿ. ಕೆಲಸ ಬಿಟ್ಟು ಹೋಗೋದು ಕಷ್ಟ ಅಂತ ಮುಂದಕ್ಕೆ ಹಾಕುತ್ತಾರೆ.

ಬೆಂಚ್_ಕುಟ್ಟುವವ
ಜೋರಾದ ಸಾಲಿನ ಕಡೆಗೇ ಹೋಗುತ್ತಾರಾ? ಹಾಗಾದರೆ ಬಾಯಿ ಒಂದೇ ಇರಲಿ. ಎಲ್ಲರೂ ‘ತಕಧಿಮಿ’ ಹೇಳಲಿ, ನೀವೊಬ್ಬರೇ ‘ತಕಿಟ’ ತಟ್ಟಿ. ಅವರು ಹೆದರದೆ ನಿಂತ ಮೇಲೆ ಇಬ್ಬರನ್ನು ನಿಮ್ಮ ಕಡೆ ಎಳೆದುಕೊಳ್ಳಿ.

ತಾಂಡಾ_ಟೀಚರ್
ಲೆಕ್ಚರರ್ ಗೆರೆ ಎಳೆದಿದ್ದು ಸರಿ. ಆನಂದಿಸುವರು ಅಂದರೆ ಅದನ್ನು ನೋಡಿ ಗುರುತಿಸೋದು ಹೇಗೆ? ಕಣ್ಣಿಗೆ, ಕಿವಿಗೆ ಗೊತ್ತಾಗುವ ಹಾಗೆ ಬರೆಯಿರಿ. "ಎಂಟು ಎಣಿಕೆಯವರೆಗೆ ಗುಂಪಿನ ಜೊತೆ ಚಪ್ಪಾಳೆ ತಪ್ಪದೆ ತಟ್ಟುವುದು." "ಜೋರು ಮತ್ತು ಮೆಲ್ಲಗೆ ಇರುವ ಸಾಲನ್ನು ಗುರುತಿಸುವುದು." "ಮೇಲೆ ಹೋದ ಸ್ವರಕ್ಕೆ ಕೈ ಮೇಲೆ, ಕೆಳಗೆ ಬಂದರೆ ಕೈ ಕೆಳಗೆ ಮಾಡುವುದು." "ಸನ್ನೆ ಮಾಡಿದಾಗ ಹಾಡು ನಿಲ್ಲಿಸುವುದು." ಹಾಡಲು ಬಾರದ ಮಗುವೂ ಇವನ್ನೆಲ್ಲ ಮಾಡಬಹುದು ನೋಡಿ.

5ಇ ಬಗ್ಗೆ ತಲೆ ಕೆಡಿಸಿಕೊಳ್ಳಬೇಡಿ. ಹಾಜರಿ ಹಾಡು ತೊಡಗಿಸುವ ಹಂತ. ಡಬ್ಬ, ಗಿಲಕಿ ಕೈಗೆ ಕೊಟ್ಟು ಬಿಡೋದು ಹುಡುಕುವ ಹಂತ. ಹಾಡು ಹೇಳಿಕೊಡೋದು ವಿವರಿಸುವ ಹಂತ. ಹಾಡಿಗೆ ಹೊಸ ಸಾಲು ಸೇರಿಸೋದು ವಿಸ್ತರಿಸುವ ಹಂತ. ಮೌಲ್ಯಮಾಪನಕ್ಕೆ ಮೇಲಿನ ಪಟ್ಟಿ.

ಡಿಎಡ್_ಎರಡನೇವರ್ಷ
ತಾಂಡಾ ಮೇಡಂ, ನಿಮ್ಮ ಕಾಲಿಗೆ ಬಿದ್ದೆ. ಇವತ್ತೇ ಬರೆದುಬಿಡುತ್ತೇನೆ.

ಇಬ್ಬರ_ಅಮ್ಮ
ಗಂಡು ಮೇಷ್ಟ್ರು ಆದರೆ ಏನು ಮಾಡಬೇಕು? ನನ್ನ ಮಗನ ಶಾಲೆಯಲ್ಲಿ ಸರ್ ಹಾಡಿಸುತ್ತಾರೆ. ಮನೆಗೆ ಬಂದು ಇವನು ಅವರ ಥರ ಗಡಸು ದನಿ ಮಾಡಿಕೊಂಡು ಹಾಡುತ್ತಾನೆ.

ಮಧ್ಯಮಶ್ರುತಿ
ಅದು ಎಲ್ಲ ಕಡೆ ಇರುವ ತೊಂದರೆ. ಗಂಡಸರ ದನಿ ಒಂದು ಸ್ಥಾಯಿ ಕೆಳಗೆ. ದೊಡ್ಡವರಿಗೆ ಅದೇ ಸ್ವರ ಮೇಲಿನ ಸ್ಥಾಯಿಯಲ್ಲಿ ಹಾಡಬೇಕು ಅಂತ ಗೊತ್ತಾಗುತ್ತದೆ. ಚಿಕ್ಕ ಮಗು ಆ ಕೆಳಗಿನ ದನಿಯನ್ನೇ ಹುಡುಕಿಕೊಂಡು ಹೋಗುತ್ತದೆ. ನಾಲ್ಕು ಅಥವಾ ಐದನೇ ಕ್ಲಾಸಿನ ಒಬ್ಬ ಹುಡುಗಿಗೆ ಸಾಲು ಕಲಿಸಿ, ಅವಳ ಹಿಂದೆ ಹಾಡಿಸಿದರೆ ಸರಿಹೋಗುತ್ತದೆ. ಕೊಳಲು, ಹಾರ್ಮೋನಿಯಂ ಇದ್ದರೂ ಆಯಿತು.

ಸುಮ್ನೆ_ಓದುವವ
ಶ್ರುತಿ ವಿಷಯ ಬಂದಿದ್ದಕ್ಕೆ ಕೇಳುತ್ತೇನೆ. ಬೆಳಗಿನ ಪ್ರಾರ್ಥನೆಯಲ್ಲಿ ನಾಡಗೀತೆ ಯಾಕೆ ಪ್ರತಿ ಶಾಲೆಯಲ್ಲೂ ಬೇರೆ ಬೇರೆ ಎತ್ತರದಲ್ಲಿ ಹಾಡುತ್ತಾರೆ?

ಕಟ್ಟುನಿಟ್ಟು
ಶುರು ಮಾಡುವ ಹುಡುಗಿ ಯಾವ ಎತ್ತರಕ್ಕೆ ಎತ್ತಿಕೊಂಡಳೋ ಅದೇ ಆ ದಿನದ ಶ್ರುತಿ. ಧಾಟಿಯಾದರೂ ಈಗ ಒಂದೇ ಆಗಿದೆ. 2022ರಲ್ಲಿ ಸರ್ಕಾರ ಮೈಸೂರು ಅನಂತಸ್ವಾಮಿಯವರ ಧಾಟಿ ಅಂತ ಗೊತ್ತು ಮಾಡಿತು. ಎರಡೂವರೆ ನಿಮಿಷದಲ್ಲಿ ಮುಗಿಯಬೇಕು.

ಅಪ್ಪ_ಒಬ್ಬ
ಅದಕ್ಕೂ ಎಷ್ಟೊಂದು ಜಗಳ ಆಗಿತ್ತು. ಸಿ. ಅಶ್ವತ್ಥ್ ಧಾಟಿ ಬೇಕು ಅನ್ನುವವರು ಒಂದು ಕಡೆ. ಕುವೆಂಪು ಅವರ ಹಾಡನ್ನು ನಾಡಗೀತೆ ಮಾಡಿದ್ದು 2004ರಲ್ಲಿ. ಧಾಟಿ ತೀರ್ಮಾನ ಆಗೋಕೆ ಅಷ್ಟು ವರ್ಷ ಹಿಡಿಯಿತು.

ನಿವೃತ್ತ_ಮೇಷ್ಟ್ರು
ಬಿಸಿಲಿನಲ್ಲಿ ನಿಂತ ಒಂದನೇ ಕ್ಲಾಸಿನ ಮಗುವಿಗೆ ಎರಡೂವರೆ ನಿಮಿಷವೂ ಉದ್ದವೇ. ಧಾಟಿಗೆ ಜಗಳವಾಡಿದವರು ಯಾರೂ ಎಷ್ಟು ಎತ್ತರದಲ್ಲಿ ಶುರು ಮಾಡಬೇಕು ಅಂತ ಹೇಳಲಿಲ್ಲ ನೋಡಿ. ಮಗಳೇ, ನೀನು ಆ ಕೆಲಸ ಮಾಡು. ಪ್ರಾರ್ಥನೆಗೆ ಮುಂಚೆ ಶುರು ಮಾಡುವ ಹುಡುಗಿಯ ಕಿವಿಯಲ್ಲಿ ಶ್ರುತಿ ಹೇಳು. ಮೇಲಿನ ಸಾಲು ಬಂದಾಗ ಅರ್ಧ ಶಾಲೆ ಸುಮ್ಮನಾಗುವುದು ತಪ್ಪುತ್ತದೆ.

ಧಾರವಾಡ_ಪೇಡಾ
ಇದು ಲಾಖ್ ರೂಪಾಯಿ ಮಾತು ಮೇಷ್ಟ್ರೇ.

ಡಿಎಡ್_ಎರಡನೇವರ್ಷ
ಮಾಡುತ್ತೇನೆ ಸರ್. ಇನ್ನೊಂದು ಕೊನೆಯ ಪ್ರಶ್ನೆ. ಲೆಕ್ಚರರ್ ಗ್ರೇಡ್ ಹಾಕಿ ತೋರಿಸು ಅಂದಿದ್ದಾರೆ. ಅಪಸ್ವರ ಹಾಡುವ ಮಗುವಿಗೆ ‘ಸಿ’ ಕೊಡಬೇಕಾ?

ಕಟ್ಟುನಿಟ್ಟು
ಕೊಡಬೇಕು. ಲೆಕ್ಕ ತಪ್ಪಿದರೆ ಕೊಡುವುದಿಲ್ಲವಾ?

ಲೀಡ್ಸ್_ಕನ್ನಡತಿ
ಏಳು ವರ್ಷಕ್ಕೇ ‘ನಿನಗೆ ಹಾಡು ಬರುವುದಿಲ್ಲ’ ಅಂತ ಬರೆದುಕೊಟ್ಟರೆ ಆ ಮಗು ಮತ್ತೆ ಹಾಡುವುದಿಲ್ಲ. ನನ್ನನ್ನೇ ನೋಡಿ. ಶಾಲೆಯಲ್ಲಿ ಒಬ್ಬರು ನನ್ನನ್ನು ಗುಂಪುಗಾನದಲ್ಲಿ ನಿಲ್ಲಿಸಿ ಸುಮ್ನೆ ಬಾಯಿ ಆಡಿಸು ಅಂದಿದ್ದರು. ಈಗಲೂ ಸ್ನೇಹಿತರ ಮನೆಯಲ್ಲಿ ಆರತಿ ಹಾಡು ಶುರುವಾದರೆ ಬಾಯಿ ಆಡಿಸುತ್ತೇನೆ ಅಷ್ಟೇ.

ಕಟ್ಟುನಿಟ್ಟು
ಅದು ಆ ಟೀಚರ್ ತಪ್ಪು, ಗ್ರೇಡಿನ ತಪ್ಪಲ್ಲ.

ತಾಂಡಾ_ಟೀಚರ್
ಈ ವಯಸ್ಸಿನಲ್ಲಿ ಶ್ರುತಿ ಇನ್ನೂ ಕೂಡಿಕೊಳ್ಳುತ್ತಾ ಇರುತ್ತದೆ ಸರ್. ಇವತ್ತು ಅಪಸ್ವರ, ಮುಂದಿನ ವರ್ಷ ಸರಿ. ಗ್ರೇಡ್ ಹಾಕಲೇಬೇಕಾದರೆ ಪಾಠ ಯೋಜನೆಯಲ್ಲಿ ಬರೆದ ನಾಲ್ಕು ಸಾಲಿಗೆ ಹಾಕಿ. ಅದರಲ್ಲಿ ದನಿ ಚೆನ್ನಾಗಿದೆಯಾ ಅನ್ನೋದು ಇಲ್ಲವೇ ಇಲ್ಲ. ಲೆಕ್ಚರರ್ ಕೇಳಿದರೆ ಅದನ್ನೇ ತೋರಿಸಿ.

ಡಿಎಡ್_ಎರಡನೇವರ್ಷ
ಸರಿ ಮೇಡಂ. ಬೆಂಚ್ ಸರ್, ಗಿಲಕಿ ಮಾಡೋಕೆ ನೀರಿನ ಬಾಟಲಿಗೆ ಏನು ಹಾಕೋದು?

ಬೆಂಚ್_ಕುಟ್ಟುವವ
ರಾಗಿ ಹಾಕಿದರೆ ಮೆತ್ತಗೆ ಸದ್ದು, ಹುಣಸೆ ಬೀಜ ಹಾಕಿದರೆ ಗಟ್ಟಿ ಸದ್ದು. ಎರಡೂ ಮಾಡಿ, ಕಣ್ಣು ಮುಚ್ಚಿಸಿ ಯಾವುದು ಅಂತ ಕೇಳಿ, ಅದೇ ಒಂದು ಆಟ. ಕಾಲು ಭಾಗಕ್ಕಿಂತ ಜಾಸ್ತಿ ತುಂಬಬೇಡಿ, ಸದ್ದೇ ಬರುವುದಿಲ್ಲ. ಮುಚ್ಚಳಕ್ಕೆ ಗಟ್ಟಿಯಾಗಿ ಟೇಪ್ ಸುತ್ತಿ. ಇಲ್ಲದಿದ್ದರೆ ಮೊದಲನೇ ದಿನವೇ ಬೀಜ ಯಾರದಾದರೂ ಮೂಗಿನೊಳಗೆ ಹೋಗಿ ಸಿಸ್ಟರ್‌ಗೆ ಕೆಲಸ ಬರುತ್ತದೆ. ತೆಂಗಿನ ಚಿಪ್ಪು ಸಿಕ್ಕರೆ ಅಂಚನ್ನು ಉಜ್ಜಿ ನುಣ್ಣಗೆ ಮಾಡಿ, ಜೋಡಿ ತಟ್ಟಿಸಿ, ಕುದುರೆ ಓಡಿದ ಹಾಗೆ ಕೇಳುತ್ತದೆ.

ಪಿಎಚ್‌ಸಿ_ಸಿಸ್ಟರ್
ನನ್ನ ಮಾತು ನೀವೇ ಹೇಳಿಬಿಟ್ಟಿರಿ. ಟೇಪ್ ಎರಡು ಸುತ್ತು.

ಇಬ್ಬರ_ಅಮ್ಮ
ಕಡಲೆಬೀಜ ಮಾತ್ರ ಹಾಕಬೇಡಿ. ತಾಳ ಮುಗಿಯೋ ಹೊತ್ತಿಗೆ ಬಾಟಲಿ ಖಾಲಿಯಾಗಿರುತ್ತದೆ.